ಚಾವಡಿಯಲ್ಲಿ ನಾಲ್ಕು ಜನ: ಹೇಡನ್ನನ ಮೊದಲ ಕ್ವಾರ್ಟೆಟ್, ನಮ್ಮ ಹೂವಿನಕೋಲು

ಉಪ್ಪುಂದದಿಂದ ಮಾತಾಡ್ತಿದ್ದೇನೆ. ನಡುನಡುವೆ ಲಾರಿ ಹಾರ್ನ್ ಕೇಳಿದರೆ ಬೇಜಾರು ಮಾಡ್ಬೇಡಿ. ಹೆದ್ದಾರಿ 66 ಇಲ್ಲಿಂದ ದೂರ ಇಲ್ಲ, ಕಿಟಕಿ ಮುಚ್ಚಿದರೂ ಅದು ಒಳಗೆ ಬರ್ತದೆ. ಮೊದಲು ಒಂದು ಹತ್ತು ಸೆಕೆಂಡ್ ಇದನ್ನು ಕೇಳಿ. ಇಯರ್‌ಫೋನ್ ಇದ್ದರೆ ಹಾಕ್ಕೊಳ್ಳಿ.

(ಸಂಗೀತದ ತುಣುಕು)

ಕೇಳಿತಾ? ನಾಲ್ಕು ತಂತಿವಾದ್ಯಗಳು ಒಟ್ಟಿಗೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋದವು, ಜೋರಾಗಿ. ಕೂಡಲೇ ಮೆತ್ತಗೆ ಒಂದು ಉತ್ತರ ಬಂತು. ಲೆಕ್ಕ ಹಾಕುವುದಾದರೆ ತಕಿಟ ತಕಿಟ ಅಂತ ಹಾಕಬಹುದು, ಆ ನಡೆ. ಇದು ಜೋಸೆಫ್ ಹೇಡನ್ ಎಂಬ ಆಸ್ಟ್ರಿಯಾದ ಸಂಗೀತಗಾರ ಬರೆದದ್ದು. ಓಪಸ್ 1, ನಂಬರ್ 1. ಸಣ್ಣ ಪ್ರಾಯದಲ್ಲಿ ಬರೆದ ಕೃತಿ. ಯೂಟ್ಯೂಬಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗ್ತದೆ, ಪೂರ್ತಿ ಕೇಳಲಿಕ್ಕೆ ಸುಮಾರು ಕಾಲು ಗಂಟೆ ಸಾಕು.

"ಎಂತ ಮಾರಾಯ್ರೆ, ಉಪ್ಪುಂದದಲ್ಲಿ ಕೂತುಕೊಂಡು ಆಸ್ಟ್ರಿಯಾದ ಪಿಟೀಲು ಯಾಕೆ?" ಅಂತ ನೀವು ಕೇಳಬಹುದು. ನಾನು ಇದನ್ನು ಮೊದಲು ಕೇಳಿದಾಗ ನನಗೆ ನೆನಪಾದದ್ದು ವಿಯೆನ್ನಾ ಅಲ್ಲ, ಹೂವಿನಕೋಲು. ನವರಾತ್ರಿಗೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಮನೆಗೆ ಬರ್ತದಲ್ಲ, ಅದೇ. ಯಾಕೆ ನೆನಪಾಯ್ತು ಅನ್ನುವುದೇ ಇವತ್ತಿನ ಮಾತು. ಇವೆರಡನ್ನೂ ಜನ ಒಂದೇ ಥರದ ತಪ್ಪು ಕಾರಣಕ್ಕೆ ಹೊಗಳ್ತಾರೆ ಅಂತ ನನಗೊಂದು ತಕರಾರು ಉಂಟು. ಅದನ್ನೂ ಹೇಳ್ತೇನೆ.

ಮೊದಲು ಒಂದು ಪದ. ಹೇಡನ್ನನ ಈ ಕೃತಿಯನ್ನು ಚೇಂಬರ್ ಮ್ಯೂಸಿಕ್ ಅಂತ ಕರೀತಾರೆ. ಚೇಂಬರ್ ಅಂದರೆ ಕೋಣೆ, ಅಷ್ಟೇ. ವಕೀಲರ ಚೇಂಬರ್, ಪ್ರಿನ್ಸಿಪಾಲರ ಚೇಂಬರ್ ಅಂತೇವಲ್ಲ, ಅದೇ ಚೇಂಬರ್. ಇಟಾಲಿಯನ್ನಿನಲ್ಲಿ ಕೋಣೆಗೆ ಕ್ಯಾಮೆರಾ ಅಂತಾರೆ. ಹೌದು, ನಿಮ್ಮ ಫೋನಿನ ಹಿಂದೆ ಇರುವ ಕ್ಯಾಮೆರಾದ ಮೂಲವೂ ಅದೇ, ಕತ್ತಲೆ ಕೋಣೆಯಿಂದ ಬಂದ ಹೆಸರು. ಹಾಗಾಗಿ ಚೇಂಬರ್ ಮ್ಯೂಸಿಕ್ ಅಂದರೆ ಕೋಣೆಯ ಸಂಗೀತ. ಚರ್ಚಿಗಲ್ಲ, ನಾಟಕಶಾಲೆಗಲ್ಲ, ಮನೆಯೊಳಗಿನ ಒಂದು ಕೋಣೆಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಾವಡಿ ಸಂಗೀತ.

ಈಗ ಹೇಡನ್ನನ ಕಥೆ. ಹುಟ್ಟಿದ್ದು 1732, ರೊರಾವ್ ಎಂಬ ಹಳ್ಳಿಯಲ್ಲಿ. ಅಪ್ಪ ಗಾಡಿಚಕ್ರ ಮಾಡುವವನು. ಹುಡುಗನ ಕಂಠ ಚೆಂದ ಇತ್ತು ಅಂತ ವಿಯೆನ್ನಾದ ದೊಡ್ಡ ಚರ್ಚಿನ ಹಾಡುಗಾರ ಹುಡುಗರ ತಂಡಕ್ಕೆ ಸೇರಿಸಿಕೊಂಡರು. ಊಟ, ವಸತಿ, ಪಾಠ ಎಲ್ಲ ಅಲ್ಲೇ. ಹದಿಹರೆಯ ಬಂತು, ಕಂಠ ಒಡೆಯಿತು, ಹೊರಗೆ ಹಾಕಿದರು. ಹುಡುಗನ ಸ್ವರಕ್ಕೆ ಇದ್ದ ಬೆಲೆ ಗಂಡಸಿನ ಸ್ವರಕ್ಕೆ ಇಲ್ಲ. ನಮ್ಮಲ್ಲಿ ಬಾಲವೇಷ ಮಾಡ್ತಿದ್ದ ಮಾಣಿಗೆ ಮೀಸೆ ಮೂಡುವಾಗ ಒಂದೆರಡು ವರ್ಷ ಯಾವ ವೇಷವೂ ಹೊಂದುವುದಿಲ್ಲವಲ್ಲ, ಆ ಹಾಗೆ. ಕೈಯಲ್ಲಿ ಕಾಸಿಲ್ಲ. ಒಂದು ಮಾಳಿಗೆ ಕೋಣೆ ಹಿಡಿದು, ಮಕ್ಕಳಿಗೆ ಪಾಠ ಹೇಳಿ, ಬೀದಿಯಲ್ಲಿ, ಮದುವೆಮನೆಯಲ್ಲಿ ಪಿಟೀಲು ಬಾರಿಸಿ ದಿನ ತಳ್ಳಿದ. ಹುಳ ತಿಂದ ಹಳೆಯ ಒಂದು ಕ್ಲೇವಿಯರ್ ಇತ್ತು, ಪಿಯಾನೋದ ಅಜ್ಜ ಅನ್ನಿ, ಅದರ ಮುಂದೆ ಕೂತರೆ ಯಾವ ರಾಜನ ಬಗ್ಗೆಯೂ ಹೊಟ್ಟೆಕಿಚ್ಚು ಇರಲಿಲ್ಲ ಅನ್ನುವ ಅರ್ಥದ ಮಾತನ್ನು ಮುದುಕನಾದ ಮೇಲೆ ಅವನೇ ಹೇಳಿಕೊಂಡಿದ್ದಾನೆ.

ಆ ಕಾಲದಲ್ಲಿ ಫ್ಯೂರ್ನ್‌ಬರ್ಗ್ ಎಂಬ ಒಬ್ಬ ಜಮೀನ್ದಾರ ಇದ್ದ. ಬ್ಯಾರನ್. ವಿಯೆನ್ನಾದಿಂದ ಸಾಕಷ್ಟು ದೂರ, ವೈನ್‌ಜಿಯರ್ಲ್ ಎಂಬಲ್ಲಿ ಅವನ ದೊಡ್ಡ ಮನೆ. ಹಳ್ಳಿಯಲ್ಲಿ ಸಂಜೆ ಕಳೆಯುವುದು ಹೇಗೆ? ಟಿವಿ ಇಲ್ಲ, ರೀಲ್ಸ್ ಇಲ್ಲ. ಸಂಗೀತ ಬೇಕು. ಆದರೆ ಆರ್ಕೆಸ್ಟ್ರಾ ಇಟ್ಟುಕೊಳ್ಳುವಷ್ಟು ದೊಡ್ಡ ಕುಳ ಅವನಲ್ಲ. ಸುತ್ತಮುತ್ತ ನೋಡಿದ. ಊರಿನ ಪಾದ್ರಿಗೆ ವಾದ್ಯ ಬರ್ತದೆ. ತನ್ನ ಆಸ್ತಿಯ ಲೆಕ್ಕ ನೋಡುವ ಪಾರುಪತ್ಯಗಾರನಿಗೆ ಬರ್ತದೆ. ಆಲ್ಬ್ರೆಕ್ಟ್ಸ್‌ಬರ್ಗರ್ ಎಂಬ ಇನ್ನೊಬ್ಬ ಇದ್ದಾನೆ, ಪ್ರಸಿದ್ಧ ಸಂಗೀತ ಗುರುವೊಬ್ಬನ ಸಹೋದರ. ಮತ್ತೆ ಹೇಡನ್. ಒಟ್ಟು ನಾಲ್ಕು. "ಈ ನಾಲ್ಕು ಜನಕ್ಕೆ ಆಗುವ ಹಾಗೆ ಏನಾದರೂ ಬರಿ" ಅಂತ ಬ್ಯಾರನ್ ಹೇಡನ್ನನಿಗೆ ಕೇಳಿದ.

ಇದನ್ನು ಬರೆದಿಟ್ಟವನು ಗ್ರೀಸಿಂಗರ್. ಹೇಡನ್ನನ ಕೊನೆಗಾಲದಲ್ಲಿ ಅವನ ಮನೆಗೆ ಹೋಗಿ ಹೋಗಿ ಕೇಳಿ, 1810ರಲ್ಲಿ ಜೀವನಚರಿತ್ರೆ ಪ್ರಕಟಿಸಿದವನು. ಅವನು ಹೇಡನ್ನನಿಗೆ ಆಗ 18 ವರ್ಷ ಅಂತ ಬರೆದಿದ್ದಾನೆ. ನಂತರದ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ, ಸುಮಾರು 1757ರ ಹೊತ್ತಿಗೆ ಅಂತಾರೆ. ಅಂದರೆ ಹೇಡನ್ನನಿಗೆ 25ರ ಆಸುಪಾಸು. ಮುದುಕರು ಹೇಳುವ ಕಥೆಯಲ್ಲಿ ಪ್ರಾಯ ಯಾವಾಗಲೂ ಸ್ವಲ್ಪ ಕಡಿಮೆಯಾಗ್ತದೆ, ಅದು ಎಲ್ಲ ಊರಿನಲ್ಲೂ ಹಾಗೆಯೇ.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಏನಂದರೆ, ನಾಲ್ಕು ಅನ್ನುವ ಸಂಖ್ಯೆ ಶಾಸ್ತ್ರದಿಂದ ಬಂದದ್ದಲ್ಲ. ಆ ಮನೆಯಲ್ಲಿ ಆವತ್ತು ಯಾರು ಸಿಕ್ಕಿದರೋ ಅಷ್ಟು ಜನ. ಮುಂದೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಅನ್ನುವುದು ಯುರೋಪಿನ ಸಂಗೀತದಲ್ಲಿ ಅತ್ಯಂತ ಗಂಭೀರವಾದ ಪ್ರಕಾರವಾಯ್ತು, ಸ್ಟ್ರಿಂಗ್ ಕ್ವಾರ್ಟೆಟ್ ಅಂತ ಹೆಸರು ನಿಂತಿತು, ಬೀಥೋವನ್ ಅದರಲ್ಲಿ ತಲೆ ಒಡೆದುಕೊಂಡ. ಆದರೆ ಅದಕ್ಕಿಂತ ಮೊದಲು ಅದು ಒಬ್ಬ ಪಾದ್ರಿ, ಒಬ್ಬ ಪಾರುಪತ್ಯಗಾರ ಮತ್ತು ಕೆಲಸ ಇಲ್ಲದ ಇಬ್ಬರು ಹುಡುಗರು ಸೇರಿ ಸಂಜೆ ಕಳೆದ ರೀತಿ. ಹೇಡನ್ನನಿಗಿಂತ ಮೊದಲು ನಾಲ್ಕು ತಂತಿವಾದ್ಯಕ್ಕೆ ಯಾರೂ ಬರೆದಿರಲಿಲ್ಲ ಅಂತಲ್ಲ. ಇಟಲಿಯಲ್ಲಿ ಬರೆದವರು ಇದ್ದಾರೆ. "ಕ್ವಾರ್ಟೆಟ್ಟಿನ ಪಿತಾಮಹ" ಅನ್ನುವ ಬಿರುದನ್ನು ಅಷ್ಟಕ್ಕೇ ತೆಗೆದುಕೊಳ್ಳಿ.

ಈಗ ಮತ್ತೆ ಆ ಹತ್ತು ಸೆಕೆಂಡಿಗೆ ಬರುವ. ಈ ಕೃತಿಗೆ "ಬೇಟೆ" ಅಂತ ಅಡ್ಡಹೆಸರು ಉಂಟು. ಯಾಕಂದರೆ ಶುರುವಿನಲ್ಲಿ ಮೇಲೆ ಹತ್ತುವ ಆ ಸ್ವರಗಳು ಬೇಟೆಗಾರರ ಕೊಂಬಿನ ಸ್ವರಗಳು. ಕೊಂಬು ಅಂದರೆ ಬಯಲಿನ ವಾದ್ಯ. ಕುದುರೆ, ನಾಯಿ, ಕಾಡು, ಅದರ ನಡುವೆ ಒಂದು ಮೈಲಿ ದೂರಕ್ಕೆ ಕೇಳಬೇಕು ಅಂತ ಊದುವಂಥದ್ದು. ಅದನ್ನು ಕೋಣೆಯೊಳಗೆ ಊದಿದರೆ ಕಿವಿ ಹೋಗ್ತದೆ. ಹಾಗಾಗಿ ಹೇಡನ್ ಕೊಂಬನ್ನು ಹೊರಗೇ ಬಿಟ್ಟ, ಅದರ ನಡೆಯನ್ನು ಮಾತ್ರ ಪಿಟೀಲಿಗೆ ಕೊಟ್ಟ. ನಾಲ್ಕು ಜನ ಕುರ್ಚಿಯಲ್ಲಿ ಕೂತಿದ್ದಾರೆ, ಆದರೆ ಕೋಣೆಯೊಳಗೆ ಕುದುರೆ ಓಡ್ತದೆ. ಬಯಲನ್ನು ಚಾವಡಿಗೆ ತಂದದ್ದು ಅಂದರೆ ಇದೇ.

ಅಲ್ಲಿಯೇ ನನಗೆ ಹೂವಿನಕೋಲು ನೆನಪಾದದ್ದು.

ನಮ್ಮ ಯಕ್ಷಗಾನಕ್ಕೆ ಇನ್ನೊಂದು ಹೆಸರು ಬಯಲಾಟ. ಹೆಸರಿನಲ್ಲೇ ಬಯಲು ಉಂಟು. ಗದ್ದೆಯಲ್ಲಿ ರಂಗಸ್ಥಳ, ಚೆಂಡೆ ಪೆಟ್ಟು ಬಿದ್ದರೆ ಹೊಳೆಯಾಚೆಯ ಊರಿಗೆ ಕೇಳಬೇಕು. ಮಳೆಗಾಲ ಬಂತು ಅಂದರೆ ಮೇಳಗಳು ತಿರುಗಾಟ ನಿಲ್ಲಿಸ್ತವೆ, ಮತ್ತೆ ಗೆಜ್ಜೆ ಕಟ್ಟುವುದು ನವೆಂಬರಿನ ಹೊತ್ತಿಗೆ. ನಡುವೆ ಬರುವುದು ನವರಾತ್ರಿ. ಬಯಲಿನಲ್ಲಿ ಆಟ ಇಲ್ಲದ ಆ ದಿನಗಳಲ್ಲಿ ಆಟ ಮನೆಯೊಳಗೆ ಬರ್ತದೆ.

ಬರುವವರು ಎಷ್ಟು ಜನ? ಭಾಗವತರು ಒಬ್ಬರು, ಮದ್ದಳೆಗಾರರು ಒಬ್ಬರು, ಅರ್ಥ ಹೇಳುವ ಮಕ್ಕಳು ಇಬ್ಬರು. ಕಾಣಿ, ಇಲ್ಲೂ ನಾಲ್ಕು! ಶ್ರುತಿ ಹಿಡಿಯುವವರು, ಅಕ್ಕಿ ಚೀಲ ಹೊರುವವರು ಅಂತ ಒಬ್ಬಿಬ್ಬರು ಹೆಚ್ಚು ಇರಬಹುದು. ಚೆಂಡೆ ಸಾಮಾನ್ಯವಾಗಿ ಇರುವುದಿಲ್ಲ. ಬಣ್ಣ ಇಲ್ಲ, ಕೇದಿಗೆ ಮುಂದಲೆ ಇಲ್ಲ, ಗೆಜ್ಜೆ ಇಲ್ಲ. ಮಕ್ಕಳಿಗೆ ಕಚ್ಚೆ, ಅಂಗಿ, ಹೆಗಲಿಗೆ ಶಲ್ಯ, ತಲೆಗೆ ಟೋಪಿ. ಕೈಯಲ್ಲಿ ಹೂವಿನಿಂದ ಅಲಂಕರಿಸಿದ ಕೋಲು. ಈಗ ಹೆಚ್ಚಾಗಿ ಬಣ್ಣದ ಕಾಗದದ ಹೂವು. ಚಾವಡಿಯಲ್ಲಿ ದೀಪ ಇಟ್ಟು ಚಾಪೆ ಹಾಕಿದರೆ ರಂಗಸ್ಥಳ ತಯಾರು. ಇಬ್ಬರು ಮಕ್ಕಳು ಎದುರುಬದುರು ಕೂತುಕೊಳ್ತಾರೆ. ಮೊದಲು ಮನೆಯವರಿಗೆ ಒಳ್ಳೆಯದಾಗಲಿ ಅಂತ ಹಾರೈಸುವ ಚೌಪದಿ. ಆಮೇಲೆ ಪ್ರಸಂಗದ ಒಂದು ತುಂಡು. ಭಾಗವತರು ಪದ್ಯ ಹೇಳ್ತಾರೆ, ಮಕ್ಕಳು ಅರ್ಥ ಹೇಳ್ತಾರೆ. ಎಲ್ಲ ಅರ್ಧ ಗಂಟೆಯೊಳಗೆ ಮುಗೀತದೆ, ಯಾಕಂದರೆ ಇನ್ನೂ ಎಷ್ಟೋ ಮನೆ ಬಾಕಿ ಉಂಟು. ಮನೆಯವರು ಅಕ್ಕಿ, ತೆಂಗಿನಕಾಯಿ, ದುಡ್ಡು ಕೊಡ್ತಾರೆ.

ಹಿಂದೆ ಐಗಳ ಮಠದ ಕಾಲದಲ್ಲಿ, ಅಂದರೆ ಸರ್ಕಾರಿ ಶಾಲೆ ಬರುವ ಮೊದಲು, ಊರಿನ ಐಗಳು ಮಹಾನವಮಿಗೆ ತಮ್ಮ ಮಕ್ಕಳನ್ನು ಕರಕೊಂಡು ಮನೆಮನೆಗೆ ಹೋಗಿ ಚೌಪದಿ ಹೇಳಿಸ್ತಿದ್ದರು, ಅದೇ ಅವರ ಗುರುದಕ್ಷಿಣೆ, ಅದಕ್ಕೆ ಯಕ್ಷಗಾನ ಸೇರಿ ಹೂವಿನಕೋಲು ಆಯ್ತು ಅಂತ ಹಿರಿಯರು ಹೇಳುವುದುಂಟು. ಇರಬಹುದು. ಅದೇ ನಿಜವಾದರೆ ಇದು ಮಾಷ್ಟ್ರ ಸಂಬಳದ ಲೆಕ್ಕದಿಂದ ಹುಟ್ಟಿದ ಕಲೆ. ಪಾರುಪತ್ಯಗಾರನ ಬಿಡುವಿನಿಂದ ಕ್ವಾರ್ಟೆಟ್ ಹುಟ್ಟಿದ ಹಾಗೆ.

ಯಾವ ಪ್ರಸಂಗ ಆರಿಸ್ತಾರೆ ಅನ್ನುವುದರಲ್ಲೂ ಒಂದು ಬುದ್ಧಿವಂತಿಕೆ ಉಂಟು. ಇಬ್ಬರು ಎದುರಾಗಬೇಕು, ಮಾತಿಗೆ ಮಾತು ಬೆಳೆಯಬೇಕು. ಸುಧನ್ವ–ಅರ್ಜುನ ಅದಕ್ಕೆ ಹೇಳಿ ಮಾಡಿಸಿದ್ದು. ಮೂರೇ ಬಾಣದಲ್ಲಿ ನಿನ್ನ ತಲೆ ತೆಗೀತೇನೆ ಅಂತ ಅರ್ಜುನನ ಶಪಥ. ಆ ಮೂರು ಬಾಣವನ್ನೂ ಕತ್ತರಿಸ್ತೇನೆ ಅಂತ ಸುಧನ್ವನ ಶಪಥ. ಬಯಲಾಟದಲ್ಲಿ ಇದಕ್ಕೆ ಚೆಂಡೆ ಬೇಕು, ಧಿಗಿಣ ಬೇಕು, ರಂಗಸ್ಥಳ ನಡುಗಬೇಕು. ಚಾವಡಿಯಲ್ಲಿ ಇಬ್ಬರು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದ್ದು ನಿಲ್ಲುವುದೂ ಇಲ್ಲ. ಬಾಣ ಹೋಗಬೇಕಾದ್ದು ಮಾತಿನಲ್ಲಿ, ಮದ್ದಳೆಯ ಬೆರಳಿನಲ್ಲಿ. ಯುದ್ಧವನ್ನು ಚಾಪೆಯ ಮೇಲೆ ತರುವುದು. ಅದು ಹೇಡನ್ ಕೊಂಬನ್ನು ಪಿಟೀಲಿಗೆ ತಂದ ಕೆಲಸವೇ ಅಲ್ವಾ?

ಇನ್ನೊಂದು ಸಂಗತಿ ಹೇಳ್ತೇನೆ, ನನಗೆ ತುಂಬಾ ಖುಷಿ ಕೊಟ್ಟದ್ದು. ಹೇಡನ್ನನ ಈ ಕೃತಿಗಳು ಕೈಬರಹದ ಪ್ರತಿಯಾಗಿ ಒಬ್ಬರಿಂದ ಒಬ್ಬರಿಗೆ ಹೋಗ್ತಿದ್ದವು, ಈಗ ವಾಟ್ಸಾಪಿನಲ್ಲಿ ಫಾರ್ವರ್ಡ್ ಆದ ಹಾಗೆ. ಅವು 1764ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾದವು. ಲಾ ಶೆವಾರ್ಡಿಯೇರ್ ಎಂಬ ಪ್ರಕಾಶಕ. ಓಪಸ್ 1 ಅನ್ನುವ ನಂಬರ್ ಕೂಡ ಪ್ರಕಾಶಕರ ಲೆಕ್ಕವೇ, ಹೇಡನ್ ಕೂತು ಎಣಿಸಿದ್ದಲ್ಲ. ಕ್ವಾರ್ಟೆಟ್ ಅನ್ನುವ ಹೆಸರು ಆಗಿನ್ನೂ ಗಟ್ಟಿಯಾಗಿರಲಿಲ್ಲ, ಆಸ್ಟ್ರಿಯಾದಲ್ಲಿ ಇಂಥದ್ದಕ್ಕೆ ಡಿವರ್ಟಿಮೆಂಟೊ ಅಂತಿದ್ದರು, ಅಂದರೆ ಮನಸ್ಸಿಗೆ ಹಗುರ ಮಾಡುವಂಥದ್ದು. ಪ್ಯಾರಿಸಿನವನು ಪುಸ್ತಕದ ಮೇಲೆ ಏನು ಅಚ್ಚು ಹಾಕಿದ ಗೊತ್ತುಂಟಾ? ಸಂವಾದ ರೂಪದ ಕ್ವಾರ್ಟೆಟ್‌ಗಳು ಅಂತ ಅರ್ಥ ಬರುವ ಶೀರ್ಷಿಕೆ. ಸಂವಾದ! ಮಾತಿಗೆ ಮಾತು. ನಮ್ಮ ಭಾಷೆಯಲ್ಲಿ ಹೇಳಿದರೆ ಅರ್ಥಗಾರಿಕೆ ಇರುವ ಸಂಗೀತ.

ಆದರೆ ಈ ಹೋಲಿಕೆಯನ್ನು ತುಂಬಾ ಎಳೆಯಬಾರದು. ಹೇಡನ್ನನದ್ದು ಪೂರ್ತಿ ಬರೆದಿಟ್ಟ ಸಂಗೀತ, ಒಂದು ಸ್ವರ ಆಚೀಚೆ ಇಲ್ಲ. ನಮ್ಮ ಮಕ್ಕಳ ಅರ್ಥ ಕೂಡ ಹೆಚ್ಚಾಗಿ ಬಾಯಿಪಾಠವೇ, ಆದರೆ ಭಾಗವತರು ಮನೆ ನೋಡಿ, ಹೊತ್ತು ನೋಡಿ ಪದ್ಯ ಬಿಡ್ತಾರೆ, ಸೇರಿಸ್ತಾರೆ. ಮತ್ತೆ ವೈನ್‌ಜಿಯರ್ಲಿನ ಮನೆಗೆ ಯಾರು ಬೇಕಾದರೂ ಬರುವ ಹಾಗೆ ಇರಲಿಲ್ಲ, ಅದು ಬ್ಯಾರನ್ನನ ಮನೆ. ಹೂವಿನಕೋಲು ತಾನೇ ಮನೆ ಹುಡುಕಿಕೊಂಡು ಬರ್ತದೆ. ಈ ವಿಷಯದಲ್ಲಿ ನಮ್ಮದು ಒಂದು ಹೆಜ್ಜೆ ಮುಂದೆ ಅಂತ ನನ್ನ ಅಭಿಪ್ರಾಯ, ಊರಿನ ಅಭಿಮಾನ ಅಂದರೂ ಅಡ್ಡಿಯಿಲ್ಲ.

ಈಗ ನನ್ನ ತಕರಾರು. ಹೇಡನ್ನನ ಓಪಸ್ 1ರ ಬಗ್ಗೆ ಓದಿದರೆ ಪುಸ್ತಕಗಳು ಹೇಳುವುದು ಹೀಗೆ: ಇದು ಬೀಜ, ಮರ ಮುಂದೆ ಬರ್ತದೆ. ಮೊದಲ ಪಿಟೀಲೇ ಎಲ್ಲ ಮಾಡ್ತದೆ, ಉಳಿದವರಿಗೆ ಕೆಲಸ ಕಡಿಮೆ. ಐದು ಭಾಗ ಉಂಟು, ನಡುವೆ ಎರಡೆರಡು ಮಿನ್ಯೂಯೆಟ್ ಕುಣಿತ. ಮುಂದೆ ಅದು ನಾಲ್ಕು ಭಾಗಕ್ಕೆ ಇಳಿದು ಸರಿಯಾಯ್ತು. 68 ಕ್ವಾರ್ಟೆಟ್ ಬರೆದ ಮಹಾಶಯನ ಮೊದಲ ಹೆಜ್ಜೆ ಅಂತ ಗೌರವದಿಂದ ನೋಡಿ, ಮುಂದೆ ಹೋಗಿ. ಹೂವಿನಕೋಲಿನ ಬಗ್ಗೆ ಭಾಷಣ ಮಾಡುವವರೂ ಹಾಗೆಯೇ. ಇದು ಕಲಾವಿದರ ನರ್ಸರಿ, ಇಲ್ಲಿ ಮಾತು ಕಲಿತ ಮಾಣಿ ನಾಳೆ ಮೇಳದಲ್ಲಿ ದೊಡ್ಡ ವೇಷಧಾರಿ ಆಗ್ತಾನೆ ಅಂತ ಹೊಗಳ್ತಾರೆ.

ಎರಡೂ ಸುಳ್ಳಲ್ಲ. ಮೇಳದಲ್ಲಿ ಹೆಸರು ಮಾಡಿದ ಎಷ್ಟೋ ಜನ ಬಾಲ್ಯದಲ್ಲಿ ಹೂವಿನಕೋಲು ಹಿಡಿದವರೇ. ಆದರೆ ಸಣ್ಣದನ್ನು ದೊಡ್ಡದರ ತಾಲೀಮು ಅಂತ ಮಾತ್ರ ನೋಡುವುದಾದರೆ, ದೊಡ್ಡದು ಬಂದ ಮೇಲೆ ಸಣ್ಣದು ಬೇಡ ಅಂತ ಆಗ್ತದೆ. ತರಬೇತಿಗೆ ಈಗ ಬೇರೆ ವ್ಯವಸ್ಥೆ ಉಂಟು. ಉಡುಪಿಯಲ್ಲಿ ಯಕ್ಷಗಾನ ಕೇಂದ್ರ 1971ರಲ್ಲೇ ಶುರುವಾಯ್ತು. ಸಾಲಿಗ್ರಾಮ ಮಕ್ಕಳ ಮೇಳ 1975ರಿಂದ ಉಂಟು, ಮಕ್ಕಳು ಪೂರ್ತಿ ವೇಷ ಕಟ್ಟಿ ರಂಗಸ್ಥಳದಲ್ಲೇ ಕುಣೀತಾರೆ. ಶಾಲೆಗಳಲ್ಲಿ ಯಕ್ಷಗಾನ ಕ್ಲಾಸು ಉಂಟು. ನರ್ಸರಿ ಅನ್ನುವುದೇ ಕಾರಣವಾದರೆ ಹೂವಿನಕೋಲನ್ನು ಈಗ ನಿಲ್ಲಿಸಬಹುದು. ಯಾರಾದರೂ ಹಾಗೆ ಹೇಳಿದರೆ ಏನು ಉತ್ತರ ಕೊಡ್ತೀರಿ?

ನನ್ನ ಉತ್ತರ ಹೋದ ನವರಾತ್ರಿಯಲ್ಲಿ ನಮ್ಮ ನೆರೆಮನೆಯಲ್ಲಿ ಸಿಕ್ಕಿತು. ಸುಧನ್ವ ಮಾಡಿದ ಮಾಣಿಗೆ ಹತ್ತೋ ಹನ್ನೊಂದೋ ವರ್ಷ. ಚೆಂದ ಹೇಳ್ತಿದ್ದ, ನಡುವೆ ಒಮ್ಮೆ ಮಾತು ಮರೆತ. ರಂಗಸ್ಥಳದಲ್ಲಾದರೆ ಅದು ಅಪಾಯದ ಕ್ಷಣ, ದೂರದಿಂದ ಯಾರಾದರೂ ಶಿಳ್ಳೆ ಹೊಡೀತಾರೆ. ಇಲ್ಲಿ ಭಾಗವತರು ತಾಳ ನಿಲ್ಲಿಸಲಿಲ್ಲ, ಪದ್ಯದ ಕೊನೆಯ ಸಾಲನ್ನೇ ಮತ್ತೊಮ್ಮೆ ಮೆಲ್ಲ ತಿರುಗಿಸಿದರು. ಮದ್ದಳೆ ಅದಕ್ಕೆ ಸರಿಯಾಗಿ ಹಗುರಾಯ್ತು. ಎದುರಿನ ಅರ್ಜುನ ಕೋಲನ್ನು ಸ್ವಲ್ಪ ಅಲ್ಲಾಡಿಸಿ ಕಣ್ಣಿನಲ್ಲೇ ಏನೋ ಹೇಳಿದ. ಕಂಬಕ್ಕೆ ಒರಗಿ ಕೂತಿದ್ದ ಮನೆಯ ಅಮ್ಮಮ್ಮ, "ಹೆದ್ರಬೇಡ ಮಗಾ, ನಿಧಾನ ಹೇಳ್" ಅಂದರು. ಅಷ್ಟೇ ಅಲ್ಲ, ಮುಂದಿನ ಮಾತಿನ ಮೊದಲ ಶಬ್ದವನ್ನು ಅವರೇ ಕೊಟ್ಟರು. ಅವರಿಗೆ ಪ್ರಸಂಗ ಗೊತ್ತುಂಟು, ಅದೆಷ್ಟು ವರ್ಷದಿಂದ ಕೇಳಿದ್ದಾರೋ. ಮಾಣಿ ಹಿಡಿದುಕೊಂಡ, ಹೊರಟ. ಆ ಒಂದು ನಿಮಿಷದಲ್ಲಿ ಆಡುವವರು ಯಾರು, ಕೇಳುವವರು ಯಾರು ಅಂತ ಬೇರೆ ಮಾಡಲಿಕ್ಕೆ ಆಗ್ತಿರಲಿಲ್ಲ.

ಇದು ರಂಗಸ್ಥಳದಲ್ಲಿ ಆಗುವುದಿಲ್ಲ. ಆಗಲೂಬಾರದು, ಅದರ ಕೆಲಸ ಬೇರೆ. ವೈನ್‌ಜಿಯರ್ಲಿನಲ್ಲಿ ಹೇಡನ್ ಬರೆದದ್ದು ಕೂಡ ಇಂಥ ಕೋಣೆಗೇ. ಪಾದ್ರಿ ವೃತ್ತಿಯ ಪಿಟೀಲುಗಾರ ಅಲ್ಲ. ಪಾರುಪತ್ಯಗಾರ ಹಗಲಿಡೀ ಲೆಕ್ಕ ಬರೆದು ಬಂದವನು. ಅವರಿಗೆ ನುಡಿಸಲಿಕ್ಕೆ ಆಗಬೇಕು, ನುಡಿಸಿದರೆ ಖುಷಿಯಾಗಬೇಕು, ಆದರೆ ಪೊಳ್ಳಾಗಿರಬಾರದು. ಈ ಮೂರನ್ನೂ ಒಟ್ಟಿಗೆ ಮಾಡುವುದು ಎಷ್ಟು ಕಷ್ಟ ಅಂತ ಮಕ್ಕಳಿಗೆ ಹೂವಿನಕೋಲು ಕಲಿಸುವ ಯಾವ ಭಾಗವತರನ್ನು ಕೇಳಿದರೂ ಹೇಳ್ತಾರೆ. ಮೊದಲ ಪಿಟೀಲಿಗೆ ಹೆಚ್ಚು ಕೆಲಸ ಯಾಕೆ ಅಂದರೆ ಅದನ್ನು ಹಿಡಿದವನು ಬಹುಶಃ ಹೇಡನ್ನೇ, ನಾಲ್ವರಲ್ಲಿ ಹೊಟ್ಟೆಪಾಡಿಗೆ ನುಡಿಸ್ತಿದ್ದವನು. ಉಳಿದವರಿಗೆ ಅವನು ಕೊಟ್ಟದ್ದು ಕಡಿಮೆ ಕೆಲಸ ಅಲ್ಲ, ಅವರವರ ಕೈಗೆ ಹಿಡಿಯುವ ಕೆಲಸ.

ಪಿಟೀಲು ಅಂದಾಗ ಒಂದು ಮಾತು ಬಿಟ್ಟು ಹೋಗಬಾರದು. ಕರ್ನಾಟಕ ಸಂಗೀತಕ್ಕೆ ಪಿಟೀಲು ಬಂದದ್ದೇ ಯುರೋಪಿನಿಂದ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರ ಕಾಲದಲ್ಲಿ. ನಮ್ಮ ಕೋಟದ ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಮಾಡುವಾಗ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಎರಡನ್ನೂ ತಂದರು. ಆಗ ಸುಮಾರು ಜನ ಒಪ್ಪಲಿಲ್ಲ, ಈಗಲೂ ಚರ್ಚೆ ಮುಗಿದಿಲ್ಲ. ಹಾಗಾಗಿ ಹೇಡನ್ ಮತ್ತು ಹೂವಿನಕೋಲನ್ನು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ನನ್ನನ್ನು ಬೈಯುವವರು ಮೊದಲು ಕೋಟದ ಕಡೆ ಒಮ್ಮೆ ನೋಡಿ.

ಇನ್ನು ಈಗಿನ ಸ್ಥಿತಿ. ಹೂವಿನಕೋಲು ಸತ್ತಿಲ್ಲ. ತೆಕ್ಕಟ್ಟೆಯ ಯಶಸ್ವೀ ಕಲಾವೃಂದದಂಥ ತಂಡಗಳು ನವರಾತ್ರಿಗೆ ಮಕ್ಕಳನ್ನು ಕಟ್ಟಿಕೊಂಡು ಹೊರಡ್ತವೆ. ಹಿಂದೆ ಗಂಡುಮಕ್ಕಳು ಮಾತ್ರ, ಈಗ ಹೆಣ್ಣುಮಕ್ಕಳೂ ಕೋಲು ಹಿಡೀತಾರೆ, ಅದು ಒಳ್ಳೆಯದೇ ಆಯ್ತು. ಕೊರತೆ ಇರುವುದು ಮಕ್ಕಳದ್ದಲ್ಲ, ಚಾವಡಿಯದ್ದು. ನಮ್ಮ ಊರಿನಲ್ಲೇ ಅಂಬಾಗಿಲಿನಿಂದ ಕೊಡೇರಿ ಕಡೆ ಒಮ್ಮೆ ನಡಕೊಂಡು ಹೋಗಿ ಕಾಣಿ. ದೊಡ್ಡ ದೊಡ್ಡ ಮನೆ, ಗೇಟಿಗೆ ಬೀಗ, ಮನೆಯವರು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ದುಬೈಯಲ್ಲಿ. ಒಳಗೆ ಇದ್ದವರು ಇಬ್ಬರೇ, ಅವರಿಗೂ ಪ್ರಾಯ ಆಗಿದೆ, ಹೊರಗೆ ಸಿಸಿಟಿವಿ. ಹೊಸ ಮನೆಯ ಹಾಲ್‌ನಲ್ಲಿ ಸೋಫಾ, ಟೀಪಾಯಿ, ಟಿವಿ ಸ್ಟ್ಯಾಂಡ್. ಇಬ್ಬರು ಮಕ್ಕಳು ಎದುರುಬದುರು ಕೂರಲಿಕ್ಕೆ ಚಾಪೆಯಷ್ಟು ಜಾಗ ಎಲ್ಲಿ? ಹಾಗಾಗಿ ಸಂಘಟಕರು ಹೂವಿನಕೋಲನ್ನು ಸಭಾಭವನಕ್ಕೆ ತರ್ತಾರೆ. ವೇದಿಕೆ, ಮೈಕು, ಹಿಂದೆ ಫ್ಲೆಕ್ಸ್, ಮುಂದೆ ಸನ್ಮಾನಕ್ಕೆ ಕೂತ ಗಣ್ಯರು. ಅವರ ಕಾಳಜಿ ನನಗೆ ಅರ್ಥ ಆಗ್ತದೆ. ಆದರೆ ಮಕ್ಕಳ ಮೈಕಿನ ಸ್ವರ ಕೇಳುವಾಗ ಅದು ಪ್ರಾತ್ಯಕ್ಷಿಕೆ ಅನ್ನಿಸ್ತದೆ, ಗಾಜಿನ ಪೆಟ್ಟಿಗೆಯೊಳಗಿಟ್ಟ ಸೇರು-ಪಾವಿನ ಹಾಗೆ. ಸೇರು ನೋಡಬಹುದು, ಅಕ್ಕಿ ಅಳೆಯಲಿಕ್ಕೆ ಆಗುವುದಿಲ್ಲ.

ಹೇಡನ್ನನ ಸಣ್ಣ ಕ್ವಾರ್ಟೆಟ್ಟಿಗೂ ಆದದ್ದು ಅದೇ. ಈಗ ಅದನ್ನು ನುಡಿಸುವುದು ಹೆಚ್ಚಾಗಿ ಸಭಾಂಗಣದಲ್ಲಿ, ಕಪ್ಪು ಕೋಟು ಹಾಕಿದ ವೃತ್ತಿಪರರು. ಅದೂ ಅಪರೂಪ; ಹೆಚ್ಚಿನವರು ಅವನ ಕೊನೆಯ ಕಾಲದ ದೊಡ್ಡ ಕ್ವಾರ್ಟೆಟ್‌ಗಳನ್ನು ಆರಿಸ್ತಾರೆ. ಹಿಂದಿನ ಸಾಲಿನಲ್ಲಿ ಕೂತವನಿಗೆ ಓಪಸ್ 1 ಸ್ವಲ್ಪ ತೆಳು ಅನ್ನಿಸಿದರೆ ಅದು ಸಂಗೀತದ ತಪ್ಪಲ್ಲ. ಅದನ್ನು ಕೇಳಬೇಕಾದ ದೂರ ಒಂದು ಕೈ ಅಳತೆ.

ಹಾಗೆ ನೋಡಿದರೆ ನಿಮ್ಮ ಇಯರ್‌ಫೋನ್ ಆ ಅಳತೆಗೆ ಹತ್ತಿರ. ನಾಲ್ಕು ಜನ ನಿಮ್ಮ ತಲೆಯ ಸುತ್ತಲೇ ಕೂತ ಹಾಗೆ ಕೇಳ್ತದೆ. ಸಾಮಾನ್ಯವಾಗಿ ಎಡಕಿವಿಯ ಕಡೆ ಮೊದಲ ಪಿಟೀಲು, ಬಲಕ್ಕೆ ತಗ್ಗಿನ ಸ್ವರದ ವಾದ್ಯ. ನಾನು ಹೇಳುವುದು, ಮೊದಲ ಪಿಟೀಲನ್ನು ಬಿಟ್ಟುಬಿಡಿ, ಅದು ಹೇಗೂ ಕೇಳ್ತದೆ. ಒಮ್ಮೆ ನಡುವಿನ ಇಬ್ಬರನ್ನು ಮಾತ್ರ ಹಿಂಬಾಲಿಸಿ, ಎರಡನೇ ಪಿಟೀಲು ಮತ್ತು ವಿಯೋಲಾ. ಮದ್ದಳೆಗಾರರ ಬೆರಳನ್ನು ನೋಡ್ತಾ ಪದ್ಯ ಕೇಳಿದ ಹಾಗೆ ಆಗ್ತದೆ. ಆದರೆ ಇಯರ್‌ಫೋನಿನಲ್ಲಿ ಒಂದು ಇಲ್ಲ: ನೀವು ಮಾತು ಕೊಟ್ಟರೆ ಅವರು ಹಿಡಿದುಕೊಳ್ಳುವುದಿಲ್ಲ.

ಅದಕ್ಕೆ ಒಂದು ಉಪಾಯ ಉಂಟು, ತುಂಬಾ ಸುಲಭದ್ದು. ನವರಾತ್ರಿಗೆ ರಜೆ ಹಾಕಿ ಊರಿಗೆ ಬರುವವರು ತಂಡದವರಿಗೆ ಮೊದಲೇ ಒಂದು ಫೋನ್ ಮಾಡಿ, ಇಂಥ ದಿನ ನಮ್ಮಲ್ಲಿಗೆ ಬನ್ನಿ ಅಂತ. ಅವರಿಗೆ ಯಾವ ಗೇಟು ತೆರೆದಿದೆ ಅಂತ ಗೊತ್ತಾಗದೆ ತೊಂದರೆ ಆಗುವುದು. ಟೀಪಾಯಿ ಪಕ್ಕಕ್ಕೆ ಸರಿಸಿ, ಟಿವಿ ಬಂದ್ ಮಾಡಿ, ಚಾಪೆ ಹಾಕಿ. ಅಕ್ಕಪಕ್ಕದ ಎರಡು ಮನೆಯವರನ್ನು ಕರೀರಿ. ವಿಡಿಯೋ ಮಾಡುವುದಾದರೆ ಚೌಪದಿ ಮುಗಿಯುವವರೆಗೆ ಮಾಡಿ ಸಾಕು, ಆಮೇಲೆ ಫೋನ್ ಕಿಸೆಗೆ ಹಾಕಿ. ಫೋನ್ ಎದುರಿಗೆ ಹಿಡಿದರೆ ಮಕ್ಕಳು ಫೋನಿಗೆ ಮಾತಾಡ್ತಾರೆ, ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಪ್ರಸಂಗ ಗೊತ್ತಿರುವ ಹಿರಿಯರು ಇದ್ದರೆ ಅವರನ್ನು ಮುಂದೆ ಕೂರಿಸಿ.

ಕಾಣಿಕೆ ಎಷ್ಟು ಅಂತ ಕೇಳುವವರು ಇದ್ದಾರೆ. ನಿಮಗೆ ಬಿಟ್ಟದ್ದು. ಭಾಗವತರು, ಮದ್ದಳೆಗಾರರು ತಿಂಗಳುಗಟ್ಟಲೆ ಮಕ್ಕಳಿಗೆ ಕಲಿಸಿ ಬಂದಿರ್ತಾರೆ, ವಾಹನದ ಬಾಡಿಗೆ ಉಂಟು. ಒಂದು ಪಿಜ್ಜಾದ ದುಡ್ಡಿಗಿಂತ ಕಡಿಮೆ ಆಗದಿರಲಿ ಅಂತ ಮಾತ್ರ ಹೇಳ್ತೇನೆ.

ಹೇಡನ್ ಏನಾದ ಅಂತ ಕೇಳ್ತೀರಿ ಅಂತ ಗೊತ್ತು. 1761ರಲ್ಲಿ ಎಸ್ಟರ್ಹಾಜಿ ಎಂಬ ದೊಡ್ಡ ಶ್ರೀಮಂತ ಮನೆತನದಲ್ಲಿ ಕೆಲಸ ಸಿಕ್ಕಿತು, ಆಮೇಲೆ ಊಟಕ್ಕೆ ತೊಂದರೆ ಆಗಲಿಲ್ಲ, ಯುರೋಪಿಡೀ ಹೆಸರು ಮಾಡಿದ. ಕ್ವಾರ್ಟೆಟ್ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಕೊನೆಯದ್ದು 1803ರಲ್ಲಿ, 71ರ ಪ್ರಾಯದಲ್ಲಿ, ನಡುವಿನ ಎರಡು ಭಾಗ ಬರೆದ, ಮುಂದೆ ಕೈಲಾಗಲಿಲ್ಲ, ಅಷ್ಟನ್ನೇ ಅಚ್ಚಿಗೆ ಕೊಟ್ಟ. 1809ರಲ್ಲಿ ತೀರಿಕೊಂಡ.

ಈಗ ಓಪಸ್ 1, ನಂಬರ್ 1ರ ನಡುವಿನ ಭಾಗ ಹಾಕ್ತೇನೆ. ಅಡಾಜಿಯೊ, ನಿಧಾನದ ನಡೆ. ಬೇಟೆ, ಕುದುರೆ ಎಲ್ಲ ಹೊರಗೆ ಹೋಗಿದೆ. ಒಂದು ಪಿಟೀಲು ಹಾಡ್ತದೆ, ಉಳಿದ ಮೂವರು ಅದರ ಕೆಳಗೆ ಮೆತ್ತಗೆ ಹೆಜ್ಜೆ ಹಾಕ್ತಾರೆ. ಲಾರಿ ಹಾರ್ನ್ ಬರದಿರಲಿ. ನಡುವಿನ ಇಬ್ಬರನ್ನು ಮರೀಬೇಡಿ.

(ಸಂಗೀತ)